ವಾಸಾಬಿ ಟ್ಯೂಬು ಕೊಳ್ಳೋ ಮುಂಚೆ ಹಿಂಭಾಗ ನೋಡಿ, ನನ್ನ ಹಾಗೆ ಮಂಗ ಆಗಬೇಡಿ

ಟೋಕಿಯೊದಲ್ಲಿ ಇರೋರು, ಟೂರ್ ಬರೋರು, ದಯವಿಟ್ಟು ಓದಿ. ವಾಸಾಬಿ ಅಂದ್ರೆ ಸುಶಿ ಜೊತೆ ಕೊಡೋ, ಮೂಗಿಗೆ ಹೊಡೆಯೋ ಹಸಿರು ಮುದ್ದೆ. 9,000 ಯೆನ್ ಹೋಯ್ತು. ದುಡ್ಡು ಹೋಗ್ಲಿ, ಊರಲ್ಲಿ ಎಲ್ಲರ ಮುಂದೆ ಮಾಡಿದ ಭಾಷಣ ನೆನೆಸಿಕೊಂಡ್ರೆ ಈಗ್ಲೂ ಕಿವಿ ಬಿಸಿಯಾಗುತ್ತೆ.

ದೀಪಾವಳಿಗೆ ನಮ್ಮೂರು ಸಾಗರಕ್ಕೆ ಹೊರಟಿದ್ದೆ. ಸಾಮಾನ್ಯವಾಗಿ ಒಯ್ಯೋದು ಕಿಟ್‌ಕ್ಯಾಟ್, ಗ್ರೀನ್ ಟೀ. ಈ ಸಲ ಏನಾದ್ರೂ ಅಸಲಿ ಜಪಾನಿನದ್ದು ಒಯ್ಯೋಣ ಅಂತ ಪ್ರವಾಸಿಗರು ಮುತ್ತಿಕೊಳ್ಳೋ ಒಂದು ಮಾರುಕಟ್ಟೆ ಗಲ್ಲಿಗೆ ಹೋದೆ. ಅಂಗಡಿ ಮುಂದೆ ಬಕೆಟ್ಟಿನಲ್ಲಿ ತಣ್ಣೀರು, ಅದರೊಳಗೆ ಹಸಿರು ವಾಸಾಬಿ ಗೆಡ್ಡೆಗಳು. ಹುಡುಗ ಒಂದನ್ನು ತೆಗೆದ, ಎಲೆ ಕಡೆಯ ತುದಿ ಕೊಯ್ದ, ಶಾರ್ಕ್ ಚರ್ಮ ಅಂಟಿಸಿದ ಮರದ ಹಲಗೆ ಮೇಲೆ ಗುಂಡಗೆ, ನಿಧಾನಕ್ಕೆ ಉಜ್ಜಿದ. ನಮ್ಮಲ್ಲಿ ಗಂಧ ತೇಯ್ತಾರಲ್ಲ, ಥೇಟ್ ಹಾಗೇ. ನೊರೆನೊರೆಯಾದ ತೆಳು ಹಸಿರು ಮುದ್ದೆ. ಕಡ್ಡಿ ತುದಿಯಲ್ಲಿ ಕೊಟ್ಟ. ಮೂಗಿಗೆ ಏರಿ ತಟ್ಟನೆ ಇಳಿದು, ಆಮೇಲೆ ಸಿಹಿ. ಸತ್ಯವಾಗಿ ಹೇಳ್ತೀನಿ, ಅದು ಬೇರೇನೇ.

"ಈಗಲೇ ತಿನ್ನಿ ಸಾರ್, ಇಪ್ಪತ್ತು ನಿಮಿಷದಲ್ಲಿ ಘಾಟು ಹಾರಿಹೋಗುತ್ತೆ" ಅಂದ ಅವನೇ. ಅವನ ಬಾಯಿಂದಲೇ. ಆಮೇಲೆ ಅದೇ ಕೈಯಲ್ಲಿ ಚೆಂದದ ಡಬ್ಬಿಯ ಟ್ಯೂಬು ತೋರಿಸಿ, "ಊರಿಗಾದ್ರೆ ಇದು, ಹೊನ್ ವಾಸಾಬಿ" ಅಂದ. ಹೊನ್ ಅಂದ್ರೆ ಅಸಲಿ. 1,500 ಯೆನ್. ಆರು ತಗೊಂಡೆ.

ಇಪ್ಪತ್ತು ನಿಮಿಷದಲ್ಲಿ ಹಾರಿಹೋಗೋದು ಟ್ಯೂಬಿನಲ್ಲಿ ತಿಂಗಳುಗಟ್ಟಲೆ ಹೇಗೆ ಉಳಿಯುತ್ತೆ ಅಂತ ನಂಗೆ ಹೊಳೀಲೇ ಇಲ್ಲ! ಇಂಜಿನಿಯರ್ ನಾನು!

ಊರಲ್ಲಿ ಅಮ್ಮ ಚೂರು ನಾಲಿಗೆಗೆ ಇಟ್ಕೊಂಡು, "ಹಸಿ ಸಾಸಿವೆ ಅರೆದಂಗೇ ಇದ್ಯಲ್ಲೋ, ಇದಕ್ಕೆ ಅಷ್ಟು ದುಡ್ಡಾ?" ಅಂದ್ರು. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಭಾವ, ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲರಿಗೂ ಉಪನ್ಯಾಸ: ಜಪಾನಿನ ಶಿಜುವೊಕಾ ಪ್ರಾಂತ್ಯದ ಬೆಟ್ಟಗಳಲ್ಲಿ ಕಲ್ಲಿನ ಮೆಟ್ಟಿಲು ಪಾತಿ ಮಾಡ್ತಾರೆ, ವರ್ಷವಿಡೀ ತಣ್ಣಗಿರೋ ಒರತೆ ನೀರು ಹರೀತಾನೇ ಇರಬೇಕು, ಬೆಳೆ ಬರೋಕೆ ಒಂದೂವರೆ ಎರಡು ವರ್ಷ, ಅಲ್ಲಿನ ಕೃಷಿ ಪದ್ಧತಿಗೆ 2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾನ್ಯತೆ ಬೇರೆ ಸಿಕ್ಕಿದೆ... ಎಲ್ಲಾ ನಿಜವೇ. ಟ್ಯೂಬಿನೊಳಗೆ ಇದ್ದದ್ದು ಮಾತ್ರ ಅದಲ್ಲ.

ವಾಪಸ್ ಬಂದ ಮೇಲೆ ಆಫೀಸಿನಲ್ಲಿ ಶಿಜುವೊಕಾ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಹೆಮ್ಮೆಯಿಂದ ಒಂದು ಟ್ಯೂಬು ತೋರಿಸಿದೆ. ಅವರು ತಿರುಗಿಸಿ ಹಿಂಭಾಗ ಓದಿದ್ರು. "ಚೊತ್ತೊ..." ಅಂದು ನಿಲ್ಲಿಸಿದ್ರು. ಇಲ್ಲಿ ಯಾರಾದ್ರೂ ಚೊತ್ತೊ ಅಂದು ಮಾತು ಅರ್ಧಕ್ಕೆ ಬಿಟ್ರೆ ಕೆಟ್ಟ ಸುದ್ದಿ ಅಂತಾನೇ ಅರ್ಥ. ಆಮೇಲೆ ಪಾಪ, ಬೆರಳಿಟ್ಟು ಓದಿ ಹೇಳಿದ್ರು. ಮೊದಲನೇ ಪದಾರ್ಥ ಸೇಯೋ ವಾಸಾಬಿ, ಅಂದ್ರೆ ಪಶ್ಚಿಮದ ವಾಸಾಬಿ, ಅಂದ್ರೆ ಹಾರ್ಸ್‌ರ್‍ಯಾಡಿಷ್! ಬಿಳಿ ಬೇರು ಅದು. ಆಮೇಲೆ ಹೊನ್ ವಾಸಾಬಿ, ಸೋರ್ಬಿಟಾಲ್ ಅನ್ನೋ ಸಿಹಿ ಪದಾರ್ಥ, ಉಪ್ಪು, ಎಣ್ಣೆ, ಗಟ್ಟಿ ಮಾಡೋಕೆ ಅಂಟು, ಪರಿಮಳ, ಬಣ್ಣ. ಹಸಿರು ಹೆಚ್ಚಾಗಿ ಬಣ್ಣದ್ದೇ. ಜಪಾನಿನಲ್ಲಿ ಪದಾರ್ಥಗಳನ್ನು ತೂಕ ಹೆಚ್ಚಿರೋದರಿಂದ ಕಡಿಮೆಗೆ ಬರೀಬೇಕು. ಮೊದಲು ಬರೆದದ್ದೇ ಜಾಸ್ತಿ.

ಮುಂಭಾಗದಲ್ಲೂ ಆಟ ಇದೆ. 'ಹೊನ್ ವಾಸಾಬಿ ಶಿಯೋ' ಅಂತಿದ್ರೆ ವಾಸಾಬಿ ಅಂಶದಲ್ಲಿ ಅರ್ಧ ಅಥವಾ ಹೆಚ್ಚು ಅಸಲಿ. 'ಹೊನ್ ವಾಸಾಬಿ ಇರಿ' ಅಂತಿದ್ರೆ ಅರ್ಧಕ್ಕಿಂತ ಕಡಿಮೆ. ಇದು ಇಲ್ಲಿನ ವಾಸಾಬಿ ತಯಾರಕರ ಸಂಘವೇ ಮಾಡಿಕೊಂಡ ಲೆಕ್ಕ. ನನ್ನದು ಇರಿ, ಅಂದ್ರೆ 'ಒಳಗೆ ಸೇರಿದೆ' ಅಂತ ಅಷ್ಟೇ. ಆ ಅಕ್ಷರ ಸ್ಟೇಷನ್ನಿನ 'ಒಳಗೆ' ಬೋರ್ಡಿನಲ್ಲೂ ಇರುತ್ತೆ, ದಿನಾ ಅದರ ಕೆಳಗೇ ನುಗ್ತೀನಿ!

ಶನಿವಾರ ಅಂಗಡಿಗೆ ಹೋದೆ. ಹುಡುಗ ಗುರುತು ಹಿಡಿದ, ಬಗ್ಗಿ ನಮಸ್ಕಾರ ಮಾಡಿದ. ಇದು ಹೊನ್ ವಾಸಾಬಿ ಅಲ್ಲ ಅಂದೆ.

"ಇದೆ ಸಾರ್, ಒಳಗೆ ಇದೆ."

"ಎಷ್ಟಿದೆ?"

"ಅದು ತಯಾರಕರ ಗುಟ್ಟು."

"ನೀನು ಉಜ್ಜಿ ತೋರಿಸಿದ್ದು ಬೇರೆ, ಕೊಟ್ಟಿದ್ದು ಬೇರೆ."

"ಹೌದು ಸಾರ್, ಅದು ಗೆಡ್ಡೆ, ಇದು ಟ್ಯೂಬು." ಮತ್ತೆ ಬಗ್ಗಿದ.

ಹೌದು ಸಾರ್ ಅಂತೆ! ಜಗಳಕ್ಕೆ ನಿಂತವನು ಬೈದ್ರೆ ನಾವೂ ಬೈಬಹುದು. ನಗ್ತಾ ಬಗ್ಗೋನಿಗೆ ಏನು ಹೇಳೋಣ? ಒಡೆಯದ ಟ್ಯೂಬಾದ್ರೂ ವಾಪಸ್ ತಗೋ ಅಂದೆ. "ಆಹಾರ ಪದಾರ್ಥ, ಕ್ಷಮಿಸಿ" ಅಂದು ಮುಂದಿನ ಖರೀದಿಗೆ 10% ರಿಯಾಯಿತಿ ಚೀಟಿ ಕೈಗಿಟ್ಟ. ಸುಳ್ಳು ಅಂತ ಒಂದೇ ಒಂದು ಮಾತು ಅವನು ಆಡಿಲ್ಲ, ಉರಿಯೋದೇ ಅದಕ್ಕೆ. ಪಕ್ಕದ ಸೂಪರ್ ಮಾರ್ಕೆಟ್ಟಿನಲ್ಲಿ ಇಂಥದೇ ಟ್ಯೂಬು 200, 300 ಯೆನ್ನಿಗೆ ಸಿಗುತ್ತೆ.

ಅಮ್ಮ ಹೇಳಿದ್ದು ಹೆಚ್ಚುಕಮ್ಮಿ ಸರಿಯೇ ಅಂತ ಆಮೇಲೆ ಓದಿ ಗೊತ್ತಾಯ್ತು. ಸಾಸಿವೆ, ಹಾರ್ಸ್‌ರ್‍ಯಾಡಿಷ್, ವಾಸಾಬಿ ಮೂರೂ ಒಂದೇ ಸಸ್ಯ ಕುಟುಂಬ. ಅರೆದಾಗ, ಉಜ್ಜಿದಾಗ ಜೀವಕೋಶ ಒಡೆದು ಒಂದು ಕಿಣ್ವ ಕೆಲಸ ಶುರು ಮಾಡುತ್ತೆ, ಆಗ ಹುಟ್ಟೋ ಅಲೈಲ್ ಐಸೋಥಯೋಸೈನೇಟ್ ಅನ್ನೋದೇ ಮೂಗಿಗೆ ಹೊಡೆಯೋದು. ಹಾಗಲಕಾಯಿ ಸಾಸಿವೆಗೆ ಹಸಿ ಸಾಸಿವೆ ಅರೆದು ಕುದಿಸದೆ ಹಾಕೋದೂ, ಒಗ್ಗರಣೆ ಸಾಸಿವೆಗೆ ಆ ಘಾಟು ಇರದೇ ಇರೋದೂ ಇದಕ್ಕೇ. ಅಸಲಿ ವಾಸಾಬಿಯಲ್ಲಿ ಇದರ ಜೊತೆ ಹಸಿ ಸೊಪ್ಪಿನಂಥ ಒಂದು ಪರಿಮಳ ಇರುತ್ತೆ, ಅದು ಟ್ಯೂಬಿನಲ್ಲಿ ನಂಗಂತೂ ಸಿಗಲಿಲ್ಲ.

ಕೊಳ್ಳೋದಾದ್ರೆ ಗೆಡ್ಡೆ ಕೊಳ್ಳಿ, ಅಲ್ಲೇ ಉಜ್ಜಿ ಅಲ್ಲೇ ತಿನ್ನಿ. ಟ್ಯೂಬೇ ಬೇಕಂದ್ರೆ ಫೋನಿನಲ್ಲಿ ಹಿಂಭಾಗದ ಫೋಟೋ ತೆಗೆದು ಅನುವಾದ ಮಾಡಿ, ಮೊದಲ ಹೆಸರು ನೋಡಿ. ನಿಮ್ಮೆದುರು ಉಜ್ಜಿ ತೋರಿಸೋನ ಹತ್ತಿರ ಟ್ಯೂಬು ಮಾತ್ರ ಬೇಡ.

ನಾಲ್ಕು ಟ್ಯೂಬು ಇನ್ನೂ ಫ್ರಿಜ್ಜಿನಲ್ಲಿದೆ. ಯಾರಿಗಾದ್ರೂ ಬೇಕಿದ್ರೆ ಹೇಳಿ, ಹಾರ್ಸ್‌ರ್‍ಯಾಡಿಷ್ ಅಂತ ಹೇಳೇ ಕೊಡ್ತೀನಿ. ಜೊತೆಗೆ 10% ಚೀಟಿನೂ.