ಸಿ5 ಕಾರ್ವೆಟ್: ತೆಗೆಯುವ ಟಾಪೋ, ಖಾಯಂ ಟಾಪೋ?

ಅಮೆರಿಕದಲ್ಲಿ ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರು ಹುಡುಕುವವರು ಒಂದಲ್ಲ ಒಂದು ದಿನ ಶೆವ್ರೊಲೆ ಕಾರ್ವೆಟ್‌ನ ಐದನೇ ತಲೆಮಾರಿನ ಮುಂದೆ ಬಂದು ನಿಲ್ಲುತ್ತಾರೆ. ಕೆಂಟಕಿಯ ಬೌಲಿಂಗ್ ಗ್ರೀನ್ ಕಾರ್ಖಾನೆಯಲ್ಲಿ 1997ರಿಂದ 2004ರ ಮಾಡೆಲ್‌ವರೆಗೆ ತಯಾರಾದ ಈ ಸಿ5ನಲ್ಲಿ ಬಟ್ಟೆ ಹೊದಿಕೆಯ ಕನ್ವರ್ಟಿಬಲ್ ಬದಿಗಿಟ್ಟರೆ ಉಳಿಯುವುದು ಎರಡು. ಒಂದು, ತಲೆಯ ಮೇಲಿನ ಹಲಗೆಯನ್ನು ಕಳಚಿ ಹಿಂದೆ ಇಟ್ಟುಕೊಳ್ಳುವ ಕೂಪೆ. ಇನ್ನೊಂದು, ಟಾಪ್ ಖಾಯಮ್ಮಾಗಿ ಕೂತಿರುವ ಹಾರ್ಡ್‌ಟಾಪ್. ಕಾರ್ವೆಟ್ ಮಂದಿ ಇದನ್ನು ಎಫ್‌ಆರ್‌ಸಿ (ಫಿಕ್ಸ್ಡ್ ರೂಫ್ ಕೂಪೆ) ಎನ್ನುತ್ತಾರೆ. 1999 ಮತ್ತು 2000ರಲ್ಲಿ ಹಾರ್ಡ್‌ಟಾಪ್ ಹೆಸರಿನಲ್ಲಿ ಬಂದ ಮೈಕಟ್ಟೇ 2001ರಿಂದ ಝಡ್‌06 ಎಂಬ ಹೆಚ್ಚು ಶಕ್ತಿಯ ಮಾಡೆಲ್ ಆಯಿತು.

ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: "ಖಾಯಂ ಟಾಪ್ ಗಟ್ಟಿ ಅಲ್ವಾ?" ಗಟ್ಟಿ ಹೌದು. ಆದರೆ ಈ ಕಾರಿನ ವಿಷಯದಲ್ಲಿ ತೀರ್ಮಾನ ಮಾಡಬೇಕಾದದ್ದು ಟಾಪ್ ನೋಡಿಯಲ್ಲ, ಹಿಂಭಾಗ ನೋಡಿ.

ಕಾರಣ ಷಾಸಿಯಲ್ಲಿದೆ. ಸಿ5ನ ಎರಡೂ ಬದಿಯ ಉದ್ದುದ್ದ ಹಳಿಗಳು ತುಂಡು ತುಂಡಾಗಿ ಬೆಸೆದವಲ್ಲ. ಒಂದೊಂದನ್ನೂ ಒಂದೇ ಉಕ್ಕಿನ ಕೊಳವೆಯಿಂದ, ಒಳಗೆ ನೀರಿನ ಒತ್ತಡ ಕೊಟ್ಟು ಆಕಾರಕ್ಕೆ ತಂದಿದ್ದಾರೆ. ನಡುವಿನ ಸುರಂಗವನ್ನು ಕೆಳಗಿನಿಂದ ತಗಡು ಹಾಕಿ ಬೋಲ್ಟುಗಳಿಂದ ಬಿಗಿದಿರುವುದರಿಂದ ಅದೇ ಬೆನ್ನೆಲುಬಿನಂತೆ ಕೆಲಸ ಮಾಡುತ್ತದೆ. ಟಾಪ್ ಇಲ್ಲದೆಯೂ ಮೈ ನುಲಿಯಬಾರದು ಎಂದು ಮೊದಲಿನಿಂದಲೇ ಲೆಕ್ಕ ಹಾಕಿ ಕಟ್ಟಿದ ಕಾರು ಇದು. ಹಾರ್ಡ್‌ಟಾಪ್‌ನಲ್ಲಿ ಆ ಷಾಸಿಯ ಮೇಲೆ ಖಾಯಂ ಟಾಪನ್ನು ಅಂಟು ಮತ್ತು ಬೋಲ್ಟ್ ಎರಡರಿಂದಲೂ ಕೂರಿಸಿದ್ದರಿಂದ ಬಿಗಿ ಇನ್ನೂ ಶೇ. 12ರಷ್ಟು ಹೆಚ್ಚಿತು, ತೂಕ ಸುಮಾರು 80 ಪೌಂಡ್ ಇಳಿಯಿತು. ರೇಸ್ ಟ್ರ್ಯಾಕಿನಲ್ಲಿ, ಅಂಟುವ ಟೈರು ಹಾಕಿ, ತಿರುವಿನ ನಡುವೆ ಉಬ್ಬಿನ ಮೇಲೆ ಹಾಯಿಸಿದರೆ ಈ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಆಫೀಸಿಗೆ ಹೋಗುವ ಫ್ರೀವೇಯಲ್ಲಿ ಗೊತ್ತಾಗುವುದಿಲ್ಲ. 1999–2000ರಲ್ಲಿ ಎಂಜಿನ್ನಂತೂ ಎರಡರಲ್ಲೂ ಅದೇ 5.7 ಲೀಟರಿನ ಎಲ್‌ಎಸ್‌1, 345 ಅಶ್ವಶಕ್ತಿ. 2014ರಲ್ಲಿ ಬಂದ ಸಿ7 ಹೊತ್ತಿಗೆ ಕಂಪನಿಯೇ ಖಾಯಂ ಟಾಪನ್ನು ಕೈಬಿಟ್ಟಿತು. ಅಲ್ಯೂಮಿನಿಯಂ ಷಾಸಿ ಅಷ್ಟು ಬಿಗಿಯಾಗಿದ್ದರಿಂದ ಆ ತಲೆಮಾರಿನ ಝಡ್‌06ಗೂ ಕಳಚುವ ಟಾಪನ್ನೇ ಕೊಟ್ಟರು.

ಇನ್ನು ಹಿಂಭಾಗ. ಕೂಪೆಯಲ್ಲಿ ದೊಡ್ಡ ಗಾಜಿನ ಹ್ಯಾಚ್ ಇದೆ; ಎತ್ತಿದರೆ ಸೀಟಿನ ಬೆನ್ನಿನವರೆಗೆ ಒಂದೇ ಹರವು, ಸುಮಾರು 25 ಘನ ಅಡಿ, ಅಂದರೆ 700 ಲೀಟರ್. ಇಬ್ಬರೇ ಕೂರುವ ಕಾರಿಗೆ ಇದು ಬಹಳ ದೊಡ್ಡ ಜಾಗ. ಅಗಲ, ಉದ್ದ ಧಾರಾಳ, ಎತ್ತರ ಮಾತ್ರ ಕಡಿಮೆ. ಗಟ್ಟಿ ಸೂಟ್‌ಕೇಸಿಗಿಂತ ಮೆತ್ತನೆಯ ಬ್ಯಾಗುಗಳು ಇಲ್ಲಿ ಚೆನ್ನಾಗಿ ಹಿಡಿಯುತ್ತವೆ. ಹಾರ್ಡ್‌ಟಾಪ್‌ಗೆ ಕನ್ವರ್ಟಿಬಲ್‌ನ ಹಿಂಬದಿಯನ್ನೇ ಕೊಟ್ಟಿರುವುದರಿಂದ ಪ್ರತ್ಯೇಕ ಡಿಕ್ಕಿ, ಅದರ ಅಳತೆ ಸುಮಾರು 13 ಘನ ಅಡಿ. ವಾರಾಂತ್ಯದ ಪ್ರಯಾಣಕ್ಕೆ ಸಾಕು. ನಾಲ್ಕು ದಿನಕ್ಕೆ ಇಬ್ಬರ ಸಾಮಾನು ಹಿಡಿಸಬೇಕೆಂದರೆ ಜಗಳವಾಗುತ್ತದೆ.

ಇಲ್ಲಿ ಕೂಪೆಯ ಪರ ಮಾತಾಡುವವರು ಮರೆಯುವ ಒಂದು ವಿಷಯವಿದೆ. ಕಳಚಿದ ಟಾಪ್ ಹೋಗಿ ಕೂರುವುದೂ ಅದೇ ಜಾಗದಲ್ಲಿ. ಅದರ ಅಡಿಗೆ ಚಪ್ಪಟೆ ಬ್ಯಾಗು ತೂರಿಸಬಹುದು, ಮೇಲೆ ಏನೂ ಇಡುವಂತಿಲ್ಲ. ಹಾಗಾಗಿ ಪೂರ್ತಿ 25 ಘನ ಅಡಿ ಸಿಗುವುದು ಟಾಪ್ ಹಾಕಿದ್ದಾಗ ಮಾತ್ರ. ಸಾಮಾನು ತುಂಬಿಕೊಂಡು ಹೊರಟ ಮೇಲೆ ದಾರಿಯಲ್ಲಿ ಬಿಸಿಲು ಚೆನ್ನಾಗಿದೆ ಎಂದು ಟಾಪ್ ತೆಗೆಯಲು ಹೋದರೆ ಅದನ್ನಿಡಲು ಜಾಗವಿರುವುದಿಲ್ಲ.

ಹ್ಯಾಚ್‌ಗೆ ಇನ್ನೆರಡು ಬೆಲೆ ತೆರಬೇಕು. ಸಾಮಾನಿನ ಜಾಗಕ್ಕೂ ಕೂರುವ ಜಾಗಕ್ಕೂ ನಡುವೆ ಗೋಡೆಯಿಲ್ಲ. ಅಗಲವಾದ ಹಿಂದಿನ ಟೈರುಗಳ ಮೊರೆತ, ಹಿಂದಿನ ಆ್ಯಕ್ಸಲಿನ ಬಳಿಯೇ ಇರುವ ಗೇರ್‌ಬಾಕ್ಸಿನ ಗುಂಯ್‌ಗುಡುವಿಕೆ ನೇರವಾಗಿ ಬೆನ್ನ ಹಿಂದಿನಿಂದ ಬರುತ್ತದೆ. ಎರಡನೆಯದು ಸೆಕೆ. ಅರಿಜೋನಾ, ಟೆಕ್ಸಸ್‌ನ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನ ಹ್ಯಾಚ್ ಗಾಜಿನ ಕೆಳಗೆ ಲ್ಯಾಪ್‌ಟಾಪ್ ಬ್ಯಾಗು ಇಡಬೇಡಿ. ಹಾಳಾಗುತ್ತದೆ, ಹೊರಗಿನವರ ಕಣ್ಣಿಗೂ ಬೀಳುತ್ತದೆ. ಹಾರ್ಡ್‌ಟಾಪ್‌ನ ಮುಚ್ಚಿದ ಡಿಕ್ಕಿ ಈ ಎರಡೂ ವಿಷಯದಲ್ಲಿ ಮೇಲು. ಆದರೆ ಗಾಳಿ ಸೀಳುವುದರಲ್ಲಿ ಇಳಿಜಾರು ಬೆನ್ನಿನ ಕೂಪೆಯೇ ಮುಂದು. ಅದರ ಡ್ರ್ಯಾಗ್ ಗುಣಾಂಕ 0.29, ಗರಿಷ್ಠ ವೇಗ ಗಂಟೆಗೆ 175 ಮೈಲಿ. 405 ಅಶ್ವಶಕ್ತಿಯ ಝಡ್‌06 ಕೂಡ 171ಕ್ಕೆ ನಿಲ್ಲುತ್ತದೆ. ಅಲ್ಲಿ ಹಿಂಗಾಜು ನೆಟ್ಟಗಿದೆ, ಗೇರಿನ ಅನುಪಾತವೂ ಬೇರೆ.

ಟಾಪ್ ತೆಗೆಯುವ ಕೆಲಸ ಕಷ್ಟದ್ದಲ್ಲ. ಹಿಂದಿನ ಸಿ4ನಲ್ಲಿ ಬೋಲ್ಟ್ ಬಿಚ್ಚಲು ಉಪಕರಣ ಬೇಕಿತ್ತು. ಸಿ5ನಲ್ಲಿ ಲ್ಯಾಚುಗಳನ್ನು ಕೈಯಲ್ಲೇ ತಿರುಗಿಸಿದರೆ ಸಾಕು. ಎಂಜಿನ್ ಆಫ್ ಮಾಡಿ ಹ್ಯಾಂಡ್‌ಬ್ರೇಕ್ ಹಾಕಿ, ಎರಡೂ ಕಿಟಕಿ ಪೂರ್ತಿ ಇಳಿಸಿ, ಹ್ಯಾಚನ್ನು ಮೊದಲೇ ತೆರೆದಿಡಿ. ಆಮೇಲೆ ಲ್ಯಾಚುಗಳನ್ನು ಬಿಡಿಸಿ, ಇಬ್ಬರು ಎರಡು ಬದಿ ನಿಂತು ನೇರವಾಗಿ ಮೇಲಕ್ಕೆ ಎತ್ತಿ. ಒಬ್ಬರೇ ಎತ್ತಲು ಆಗದೇನಿಲ್ಲ. ಆದರೆ ಬಾಗಿಲ ಮೇಲಿನ ಪೇಂಟಿಗೂ ಹಿಂದಿನ ಹೂಪಿಗೂ (ಸೀಟುಗಳ ಹಿಂದೆ ಅಡ್ಡಲಾಗಿರುವ ಕಮಾನು) ಗೀರು ಬೀಳುವುದು ಒಬ್ಬರೇ ಎತ್ತುವಾಗಲೇ. ಮಾರಾಟಕ್ಕಿಟ್ಟ ಕಾರಿನಲ್ಲಿ ಈ ಎರಡು ಕಡೆ ಗೀರುಗಳಿದ್ದರೆ ಟಾಪನ್ನು ಬಹಳ ಸಲ ತೆಗೆದು ಹಾಕಿದ್ದಾರೆ ಎಂದು ತಿಳಿಯಿರಿ. ಮರಳಿ ಹಾಕಿದ ಮೇಲೆ ಪ್ರತಿ ಲ್ಯಾಚನ್ನೂ ಕೈಯಿಂದ ಎಳೆದು ನೋಡಬೇಕು. ಅರ್ಧ ಕೂತ ಟಾಪನ್ನು ಫ್ರೀವೇಯ ಗಾಳಿ ಕಿತ್ತುಕೊಂಡು ಹೋಗುತ್ತದೆ, ಹಿಂದೆ ಬರುವವರ ಜೀವಕ್ಕೆ ಅಪಾಯ.

ಬಣ್ಣದ ಟಾಪಿನ ಅಂಚುಗಳನ್ನು ಹೆಬ್ಬೆರಳಿನಿಂದ ಒತ್ತುತ್ತ ಸುತ್ತಲೂ ಬನ್ನಿ. ಎಲ್ಲಾದರೂ ತಗ್ಗಿ ಮೇಲೆದ್ದರೆ ಅಥವಾ ಟಿಕ್ ಎಂದು ಸದ್ದು ಬಂದರೆ ಮೇಲ್ಪದರ ಒಳಚೌಕಟ್ಟಿನಿಂದ ಬಿಡುತ್ತಿದೆ ಎಂದರ್ಥ. ಮುಂದಿನ ತಲೆಮಾರಿನ ಸಿ6ನಲ್ಲಿ, 2005 ಮತ್ತು 2006ರ ಕಾರುಗಳ ಬಣ್ಣದ ಟಾಪ್ ಅಂಟು ಬಿಟ್ಟು ಹಾರಿಹೋಗುವ ತೊಂದರೆಗೆ ಜನರಲ್ ಮೋಟರ್ಸ್ ರೀಕಾಲ್ ಮಾಡಬೇಕಾಯಿತು. ಸಿ5ಗೆ ಆ ರೀಕಾಲ್ ಅನ್ವಯಿಸುವುದಿಲ್ಲ. ಆದರೂ ಇಪ್ಪತ್ತು ವರ್ಷ ದಾಟಿದ ಅಂಟನ್ನು ಪರೀಕ್ಷಿಸದೆ ನಂಬಬಾರದು.

ತೆಗೆಯುವ ಟಾಪಿನ ನಿಜವಾದ ಖರ್ಚು ರಬ್ಬರ್ ಬೀಡಿಂಗಿನದು. ವಿಂಡ್‌ಶೀಲ್ಡ್ ಮೇಲೊಂದು, ಎರಡೂ ಬದಿಗೆ ಒಂದೊಂದು, ಹಿಂದಿನ ಹೂಪಿನ ಮೇಲೊಂದು. ನೀರು ಒಳಬರುವುದು ಹೆಚ್ಚಾಗಿ ಉದ್ದ ಭಾಗದಲ್ಲಲ್ಲ, ಒಂದು ಬೀಡಿಂಗ್ ಇನ್ನೊಂದನ್ನು ಕೂಡುವ ಮೂಲೆಗಳಲ್ಲಿ. ಅಲ್ಲಿ ರಬ್ಬರು ಸೀಳಿರುತ್ತದೆ ಅಥವಾ ವರ್ಷಗಟ್ಟಲೆ ಒತ್ತಿ ಒತ್ತಿ ಚಪ್ಪಟೆಯಾಗಿರುತ್ತದೆ. ಚೌಕಟ್ಟಿಲ್ಲದ ಬಾಗಿಲ ಗಾಜು ಈ ರಬ್ಬರಿಗೇ ಒರಗಬೇಕಾದ್ದರಿಂದ ಗಾಜಿನ ಹೊಂದಾಣಿಕೆ ತಪ್ಪಿದರೂ ಅದೇ ಲಕ್ಷಣ ಕಾಣುತ್ತದೆ: 50 ಮೈಲಿ ದಾಟಿದರೆ ಕಿವಿಯ ಬಳಿ ಸುಯ್ಯೆನ್ನುವ ಗಾಳಿ, ಮಳೆಯಲ್ಲಿ ಮೊಣಕಾಲಿಗೆ ತೊಟ್ಟಿಕ್ಕುವ ನೀರು. ಹೊಸ ಬೀಡಿಂಗ್ ತರಿಸುವ ಮುಂಚೆ ಕಾಗದದ ಪರೀಕ್ಷೆ ಮಾಡಿ. ಒಂದು ಡಾಲರ್ ನೋಟನ್ನು ರಬ್ಬರಿಗೂ ಗಾಜಿಗೂ ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಜಾರಿದರೆ ಸರಿ. ಸಲೀಸಾಗಿ ಬಂದರೆ ಅಲ್ಲಿ ಒತ್ತಡವಿಲ್ಲ. ಒಂದೇ ಬದಿಯ ಉದ್ದಕ್ಕೂ ಸಡಿಲವಿದ್ದರೆ ಗಾಜು ಹೊಂದಿಸಬೇಕು, ಒಂದು ಮೂಲೆಯಲ್ಲಿ ಮಾತ್ರ ಸಡಿಲವಿದ್ದರೆ ರಬ್ಬರು ಹೋಗಿದೆ.

ನೀರಿನ ಪರೀಕ್ಷೆಗೆ ಸಾಮಾನ್ಯ ಪೈಪ್ ಸಾಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಇನ್ನೊಬ್ಬರು ಕೆಳಗಿನಿಂದ ಶುರುಮಾಡಿ ಮೇಲಕ್ಕೆ, ಒಂದೊಂದು ಕಡೆ ಎರಡು ನಿಮಿಷ ನೀರು ಬಿಡಿ. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆಯೂ ಒದ್ದೆಯಾಗಿ ತೂತು ಯಾವುದೆಂದು ತಿಳಿಯುವುದಿಲ್ಲ. ಪ್ರೆಷರ್ ವಾಷರ್ ಬೇಡವೇ ಬೇಡ. ಅದರ ರಭಸಕ್ಕೆ ಒಳ್ಳೆಯ ರಬ್ಬರೂ ಸೋರುತ್ತದೆ.

ಕಿರಕಿರ ಸದ್ದಿಗೆ ಹೆಚ್ಚಿನ ಸಲ ಕಾರಣ ಒಣಗಿದ ರಬ್ಬರು. ಸೋಪು ನೀರಿನಲ್ಲಿ ಒರೆಸಿ, ಒಣಗಲು ಬಿಟ್ಟು, ಡೈಎಲೆಕ್ಟ್ರಿಕ್ ಸಿಲಿಕೋನ್ ಗ್ರೀಸನ್ನು ಬೆರಳಿನಿಂದ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಬಟ್ಟೆಯಿಂದ ತೆಗೆಯಿರಿ. ವರ್ಷಕ್ಕೆ ಎರಡು ಸಲ ಮಾಡಿದರೆ ರಬ್ಬರಿನ ಆಯುಸ್ಸೂ ಹೆಚ್ಚುತ್ತದೆ. ಪೆಟ್ರೋಲಿಯಂ ಜೆಲ್ಲಿ, ಎಂಜಿನ್ ಗ್ರೀಸ್ ತಾಗಿಸಬೇಡಿ, ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಗ್ರೀಸ್ ಹಚ್ಚಿದ ಮೇಲೂ ಸದ್ದು ನಿಲ್ಲದಿದ್ದರೆ ಲ್ಯಾಚಿನ ಹಿಡಿತ ಸಡಿಲವಾಗಿದೆಯೇ ನೋಡಿ.

ಕೆಲವು ಕೂಪೆಗಳಲ್ಲಿ ಬಣ್ಣದ ಟಾಪಿನ ಬದಲು ಪಾರದರ್ಶಕ ಟಾಪ್ ಇರುತ್ತದೆ, ಅದೃಷ್ಟವಿದ್ದರೆ ಎರಡೂ. ಎರಡೂ ಇರುವ ಕಾರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಪಾರದರ್ಶಕ ಟಾಪಿನಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಮೂಡಿದ್ದರೆ ಅವು ಪಾಲಿಷಿಗೆ ಹೋಗುವುದಿಲ್ಲ. ಅಮೋನಿಯಾ ಇರುವ ಗಾಜು ಒರೆಸುವ ದ್ರವವೇ ಇದಕ್ಕೆ ದೊಡ್ಡ ಶತ್ರು. ಸೋಪು ನೀರು, ಮೆತ್ತನೆಯ ಬಟ್ಟೆ ಸಾಕು.

ಟ್ರ್ಯಾಕಿಗೆ ಇಳಿಯುವ ಮನಸ್ಸಿದ್ದರೆ ಲೆಕ್ಕ ಬದಲಾಗುತ್ತದೆ. ಬಿಗಿಯಾದ ಮೈ ಒಂದು ಕಡೆ, ನಿಯಮ ಇನ್ನೊಂದು ಕಡೆ. ಖಾಯಂ ಟಾಪಿನ ಕಾರಿಗೆ ಯಾವ ಕ್ಲಬ್ಬೂ ತಕರಾರು ಮಾಡುವುದಿಲ್ಲ. ಕಳಚುವ ಟಾಪಿಗೆ ಕ್ಲಬ್ಬಿಗೊಂದು ಷರತ್ತು, ಮೊದಲೇ ಕೇಳಿಕೊಳ್ಳಿ. ಕೂಪೆಗೆ ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯುವ ಉಕ್ಕಿನ ಕಮಾನು) ಹಾಕಿಸಿದ ಮೇಲೆ ಟಾಪ್ ಹಿಂದೆ ಕೂರುತ್ತದೋ ಇಲ್ಲವೋ ಎಂಬುದನ್ನು ಹಾಕಿಸುವ ಮುಂಚೆಯೇ ಅಳೆದು ನೋಡಬೇಕು. ಎತ್ತರದವರು ಹೆಲ್ಮೆಟ್ ಹಾಕಿಕೊಂಡೇ ಕೂತು ನೋಡಲಿ, ಎರಡೂ ಕಾರಿನಲ್ಲಿ.

1999–2000ರ ಹಾರ್ಡ್‌ಟಾಪ್ ಬಂದದ್ದು ಆರು ಗೇರಿನ ಮ್ಯಾನ್ಯುಯಲ್‌ನಲ್ಲಿ ಮಾತ್ರ, ಝಡ್51 ಎಂಬ ಬಿಗಿ ಸಸ್ಪೆನ್ಷನ್ ಜೊತೆಗೇ. ಆಟೊಮ್ಯಾಟಿಕ್ ಬೇಕೆನ್ನುವವರಿಗೆ ಪ್ರಶ್ನೆ ಇಲ್ಲಿಗೇ ಮುಗಿಯಿತು, ಕೂಪೆ ಕೊಳ್ಳಿ. ಆಗ ತಯಾರಾದದ್ದು 1999ರಲ್ಲಿ 4,031, ಮರುವರ್ಷ 2,090 ಅಷ್ಟೆ. ಅದೇ ಎರಡು ವರ್ಷ ಕೂಪೆಗಳು ತಲಾ 18,000 ದಾಟಿದ್ದವು. ಸಂಖ್ಯೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಹೆಚ್ಚು ಬೆಲೆ ಕೇಳಿದರೆ ಕೊಡಬೇಡಿ. ಹಾರ್ಡ್‌ಟಾಪ್ ಕೊಳ್ಳಬೇಕಾದದ್ದು ಅದು ಹಗುರ, ಸರಳ, ಟ್ರ್ಯಾಕಿಗೆ ಒಳ್ಳೆಯ ಅಡಿಪಾಯ ಎಂಬುದಕ್ಕೆ. ಹಣ ಇನ್ನಷ್ಟು ಕೂಡಿಸಲು ಆಗುವುದಾದರೆ ನೇರವಾಗಿ ಝಡ್‌06ಗೇ ಹೋಗುವುದು ಜಾಣತನ. 2001ರದ್ದು 385 ಅಶ್ವಶಕ್ತಿ, 2002ರಿಂದ 405. ಟೈಟೇನಿಯಂ ಎಕ್ಸಾಸ್ಟ್, ತೆಳು ಗಾಜು, ಅಗಲ ಟೈರು ಇವೆಲ್ಲ ಅದರ ಜೊತೆಗೇ ಬರುತ್ತವೆ; ಹಾರ್ಡ್‌ಟಾಪ್ ತಂದು ಒಂದೊಂದಾಗಿ ಸೇರಿಸಲು ಹೊರಟರೆ ಖರ್ಚು ಮೀರುತ್ತದೆ. ಟೈರಿನ ವಿಷಯದಲ್ಲಿ ಒಂದು ಎಚ್ಚರಿಕೆ: ಯಾವ ಸಿ5ನಲ್ಲೂ ಸ್ಟೆಪ್ನಿ ಇಲ್ಲ. ಕೂಪೆಗೂ ಹಾರ್ಡ್‌ಟಾಪ್‌ಗೂ ಗಾಳಿ ಹೋದರೂ ಓಡುವ ರನ್‌ಫ್ಲಾಟ್ ಕೊಟ್ಟಿದ್ದರು, ಝಡ್‌06ಗೆ ಅದೂ ಇಲ್ಲ.

ಮ್ಯಾನ್ಯುಯಲ್ ಕಾರುಗಳಲ್ಲಿ ಕ್ಲಚ್ ಚೆನ್ನಾಗಿ ಪರೀಕ್ಷಿಸಿ. ಗೇರ್‌ಬಾಕ್ಸ್ ಹಿಂದಿರುವುದರಿಂದ ಕ್ಲಚ್ ಬದಲಿಸಲು ಹಿಂದಿನ ಇಡೀ ಜೋಡಣೆಯನ್ನೂ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕೊಳವೆಯಾದ ಟಾರ್ಕ್ ಟ್ಯೂಬನ್ನೂ ಇಳಿಸಬೇಕು. ಭಾಗದ ಬೆಲೆಗಿಂತ ಕೂಲಿಯೇ ಹೆಚ್ಚು. ಉಳಿದ ಕಾಯಿಲೆಗಳು ಟಾಪ್ ಯಾವುದಿದ್ದರೂ ಒಂದೇ. ಬ್ಯಾಟರಿ ಸೋರಿ ಆಮ್ಲ ಅದರ ಕೆಳಗಿರುವ ಎಂಜಿನ್ ಕಂಪ್ಯೂಟರನ್ನೂ ವೈರುಗಳನ್ನೂ ತಿನ್ನುತ್ತದೆ, ಬ್ಯಾಟರಿ ಎತ್ತಿಸಿ ನೋಡಿ. ಸ್ಟಿಯರಿಂಗ್ ಲಾಕ್ ಬಿಡಿಸಿಕೊಳ್ಳದೆ ಕಾರು ನಿಂತಲ್ಲೇ ನಿಲ್ಲುವ ತೊಂದರೆಗೆ ರೀಕಾಲ್ ಆಗಿತ್ತು, ಅದರ ಕಾಗದ ಕೇಳಿ. ಎಂಜಿನ್ ಮುಂದಿನ ಹಾರ್ಮೋನಿಕ್ ಬ್ಯಾಲೆನ್ಸರ್, ಅಂದರೆ ಬೆಲ್ಟ್ ಸುತ್ತುವ ಚಕ್ರ, ಐಡ್ಲಿಂಗಿನಲ್ಲಿ ಓಲಾಡುತ್ತಿದ್ದರೆ ಅದರ ರಬ್ಬರು ಬಿಟ್ಟಿದೆ. ಎಬಿಎಸ್ ದೀಪ ಉರಿಯುತ್ತಿದ್ದರೆ, ಅದರಲ್ಲೂ 2001ರ ನಂತರದ ಕಾರಾಗಿದ್ದರೆ, ಅದನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಸಿಗುವುದೇ ಕಷ್ಟ. ಬೆಲೆ ಚೆನ್ನಾಗಿ ಇಳಿಸದ ಹೊರತು ಆ ಕಾರು ಬಿಟ್ಟುಬಿಡಿ.

ಒಂದೇ ಕಾರಿನಲ್ಲಿ ವಾರದ ಓಡಾಟ, ದೂರದ ಪ್ರಯಾಣ, ಸಂಜೆಯ ಗಾಳಿ ಎಲ್ಲ ಬೇಕೆನ್ನುವ ಮನೆಗೆ ಕೂಪೆಯೇ ಸರಿ. ಸೋರದ, ಬಣ್ಣದ ಟಾಪಿರುವ, ಬೀಡಿಂಗ್ ಬದಲಿಸಿದ ರಸೀದಿಯಿರುವ ಕಾರು ಸಿಕ್ಕರೆ ಐದಾರು ಸಾವಿರ ಮೈಲಿ ಹೆಚ್ಚು ಓಡಿದ್ದರೂ ಅದನ್ನೇ ತೆಗೆದುಕೊಳ್ಳಿ. ಇನ್ನೊಂದು ಕಾರು ಮನೆಯಲ್ಲಿದ್ದು, ಇದು ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುವುದಕ್ಕೆಂದೇ ಆದರೆ ಖಾಯಂ ಟಾಪ್. ಊರಿಗೆ ಮರಳುವಾಗ ಜೊತೆಗೆ ಒಯ್ಯಬಹುದು ಎಂಬ ಲೆಕ್ಕ ಮಾತ್ರ ಎರಡಕ್ಕೂ ಬೇಡ: ಕಾರ್ಖಾನೆಯಿಂದ ಬಂದ ಸಿ5ಗಳೆಲ್ಲ ಎಡಗಡೆ ಸ್ಟಿಯರಿಂಗಿನವು, ಬೆಂಗಳೂರಿನ ಯಾವ ಆರ್‌ಟಿಒದಲ್ಲೂ ರಿಜಿಸ್ಟರ್ ಆಗುವುದಿಲ್ಲ.