ರೆಸಿಸ್ಟಿವಿಟಿ ಸರ್ವೆ ಮಾಡಿಸ್ತೀರಾ? ಮೊದಲು ತಂತಿಯ ಉದ್ದ ಕೇಳಿ

ಬೋರ್‌ವೆಲ್ ಪಾಯಿಂಟ್‌ಗೆ ರೆಸಿಸ್ಟಿವಿಟಿ ಸರ್ವೆ (ನೆಲಕ್ಕೆ ಕರೆಂಟ್ ಹರಿಸಿ ಒಳಗಿನ ಪದರಗಳನ್ನು ಅಂದಾಜಿಸುವ ಪರೀಕ್ಷೆ) ಮಾಡಿಸಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಓದಿ. ನಮ್ಮ ಜಮೀನಿನಲ್ಲಿ ಮೀಟರ್ ಇಟ್ಟು ಪಾಯಿಂಟ್ ಕೊಟ್ಟವರು "450 ಅಡಿಗೆ ಮೂರು ಇಂಚು ನೀರು, ಗ್ಯಾರಂಟಿ" ಎಂದಿದ್ದರು. ಕೊರೆದಾಗ ಮೊದಲು ಸಿಕ್ಕಿದ್ದು ಹಸಿ ಜೇಡಿಮಣ್ಣು. ಅದರ ಕೆಳಗೆ ಗಟ್ಟಿ ಬಂಡೆ. ಅವರು ಹೇಳಿದ ಆಳ ದಾಟಿದ ಮೇಲೂ ಬರೀ ಕಲ್ಲಿನ ಧೂಳು ಹಾರಿತು.

ಆಮೇಲೆ ಸರ್ವೆಯ ಅಂಕಿಗಳನ್ನು ಒಬ್ಬ ಭೂವಿಜ್ಞಾನಿಗೆ ತೋರಿಸಿದೆವು. ತಂತಿ ಎಷ್ಟು ದೂರ ಎಳೆದಿದ್ದರು ಎಂದು ಅವರು ಮೊದಲೇ ಕೇಳಿದರು. ಈ ತುದಿಯಿಂದ ಆ ತುದಿಗೆ ಸುಮಾರು 200 ಅಡಿ. ಅಷ್ಟರಲ್ಲಿ 450 ಅಡಿ ಆಳದ ಸುದ್ದಿ ಗೊತ್ತಾಗಲು ಸಾಧ್ಯವೇ ಇಲ್ಲ ಎಂದರು.

ಇದನ್ನು ಎಲ್ಲರೂ ತಿಳಿದಿರಬೇಕು. ನಾಲ್ಕು ಸರಳುಗಳನ್ನು ಒಂದೇ ಗೆರೆಯಲ್ಲಿ ನೆಲಕ್ಕೆ ಹೊಡೆಯುತ್ತಾರೆ. ತಂತಿಯ ಎರಡು ತುದಿಗಳಲ್ಲಿರುವ ಹೊರಗಿನ ಸರಳುಗಳಿಂದ ಕರೆಂಟ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಹೊರಗಿನ ಸರಳುಗಳನ್ನು ದೂರ ಸರಿಸಿದ ಹಾಗೆಲ್ಲ ಕರೆಂಟ್ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹೊರಗಿನ ಎರಡು ಸರಳುಗಳ ನಡುವಿನ ದೂರದ ಮೂರರಲ್ಲಿ ಒಂದೋ ನಾಲ್ಕರಲ್ಲಿ ಒಂದೋ ಪಾಲಿನಷ್ಟು ಆಳ ಸಿಗುತ್ತದೆ ಎಂಬುದು ಅಂದಾಜು ಲೆಕ್ಕ. ನೆಲ ನೋಡಿಕೊಂಡು ಇದು ಹೆಚ್ಚುಕಡಿಮೆ ಆಗುತ್ತದೆ, ಆದರೆ ತಂತಿಗಿಂತ ಆಳವೇ ಜಾಸ್ತಿ ಆಗುವುದುಂಟಾ?

ಇನ್ನೊಂದು ವಿಷಯ. ಮೀಟರ್ ನೀರನ್ನು ಅಳೆಯುವುದಿಲ್ಲ. ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದಷ್ಟೇ ಹೇಳುತ್ತದೆ. ಬಿರುಕಿಲ್ಲದ ಗ್ರಾನೈಟ್‌ನಲ್ಲಿ ಸಾವಿರಾರು ಓಮ್-ಮೀಟರ್ (ಈ ತಡೆಯ ಅಳತೆ) ಬರುತ್ತದೆ. ನೀರು ತುಂಬಿದ ಶಿಥಿಲ (ಸವೆದು ಸಡಿಲಗೊಂಡ) ಬಂಡೆಯಲ್ಲಿ ತುಂಬಾ ಕಡಿಮೆ. ಆದರೆ ಜೇಡಿಮಣ್ಣಿನಲ್ಲೂ ಕಡಿಮೆಯೇ, ಉಪ್ಪುನೀರಿದ್ದರೆ ಇನ್ನೂ ಕಡಿಮೆ. ನಮ್ಮಲ್ಲಿ ಜೇಡಿಮಣ್ಣಿನ ಅಂಕಿಯನ್ನೇ ನೀರು ಎಂದು ಓದಿದ್ದರು. ಜೊತೆಗೆ ತಂತಿಯನ್ನು ಕಬ್ಬಿಣದ ಬೇಲಿಯ ಪಕ್ಕದಲ್ಲೇ ಎಳೆದಿದ್ದರು. ಬೇಲಿ, ನೆಲದೊಳಗಿನ ಲೋಹದ ಪೈಪು, ಮೇಲಿನ ವಿದ್ಯುತ್ ಲೈನು ಇವೆಲ್ಲ ಅಂಕಿಯನ್ನು ಕೆಡಿಸುತ್ತವೆ.

ಇಷ್ಟು ಇಂಚು ನೀರು ಎಂದು ಯಾರಾದರೂ ಮೀಟರ್ ನೋಡಿ ಹೇಳಿದರೆ ನಂಬಬೇಡಿ. ನೀರಿನ ಇಳುವರಿ ತಿಳಿಯುವುದು ಕೊರೆದು ಪಂಪ್ ಮಾಡಿದಾಗಲೇ. ಗಟ್ಟಿ ಬಂಡೆಯ ಆಳದಲ್ಲಿರುವ ಸಣ್ಣ ಬಿರುಕು, ಸರಿಯಾಗಿ ಮಾಡಿದ ಸರ್ವೆಯಲ್ಲೂ ಕಾಣದೆ ಹೋಗಬಹುದು.

ಹಾಗಂತ ಈ ವಿಧಾನವೇ ಸುಳ್ಳಲ್ಲ. ಶಿಥಿಲ ಪದರ ಎಷ್ಟು ದಪ್ಪ, ಗಟ್ಟಿ ಬಂಡೆ ಎಲ್ಲಿ ಶುರು ಎಂಬುದನ್ನು ಚೆನ್ನಾಗಿಯೇ ತೋರಿಸುತ್ತದೆ. ಸಿಟ್ಟು ಬರುವುದು, ಅದು ತೋರಿಸದಿರುವುದನ್ನೂ ಸೇರಿಸಿ ಮಾರುವವರ ಮೇಲೆ.

ಹಾಗಾಗಿ ಸರ್ವೆಯ ದಿನ ಜೊತೆಯಲ್ಲೇ ನಿಲ್ಲಿ. ತಂತಿಯ ಒಟ್ಟು ಉದ್ದ ಬರೆದಿಟ್ಟುಕೊಳ್ಳಿ. ಎಲ್ಲ ಅಂಕಿಗಳಿರುವ ಹಾಳೆ ಮತ್ತು ಗ್ರಾಫ್ ಅಲ್ಲೇ ಕೇಳಿ ಪಡೆಯಿರಿ. ನಮಗೆ ಅದು ಸಿಕ್ಕಿದ್ದು ಬೋರ್ ಫೇಲ್ ಆದ ಮೇಲೆ, ಅದೂ ಕೇಳಿ ಕೇಳಿ. ಅಕ್ಕಪಕ್ಕದ ಬೋರ್‌ವೆಲ್‌ಗಳಲ್ಲಿ ಎಷ್ಟು ಅಡಿಗೆ ಮಣ್ಣು, ಎಷ್ಟಕ್ಕೆ ಬಂಡೆ ಸಿಕ್ಕಿತ್ತು ಎಂದು ವಿಚಾರಿಸಿ ಹಾಳೆಯ ಜೊತೆ ಹೋಲಿಸಿ. ಎರಡೂ ತಾಳೆಯಾಗದಿದ್ದರೆ ರಿಗ್‌ನವರಿಗೆ ಫೋನ್ ಮಾಡಬೇಡಿ.