ಚಿಪ್ ಜೊತೆ ಪುಕ್ಕಟೆ ಬರುವ ಲೈಬ್ರರಿ: ಏಳು ವರ್ಷ ಬಳಸಿದ ಮೇಲೆ

ಭತ್ತ ಒಣಗಿಸುವ ಡ್ರೈಯರ್‌ಗಳಿಗೆ ಕಂಟ್ರೋಲರ್ ಡಬ್ಬಿ ಮಾಡಿಕೊಡುವುದು ನನ್ನ ಕೆಲಸ. ಗಂಗಾವತಿಯಲ್ಲಿ ಒಂದು ಸಣ್ಣ ರೂಮು, ಜೊತೆಗೆ ಇಬ್ಬರು ಹುಡುಗರು. 2018ರಿಂದ ಒಂದೇ ಕಂಪನಿಯ ಮೈಕ್ರೊಕಂಟ್ರೋಲರ್ (ಡಬ್ಬಿಯ ಮೆದುಳಾಗುವ ಪುಟ್ಟ ಚಿಪ್) ಹಾಕುತ್ತಿದ್ದೇವೆ. ಆ ಕಂಪನಿಯೇ ಕೊಡುವ ಸಿ ಲೈಬ್ರರಿಯ (ಸಿ ಭಾಷೆಯಲ್ಲಿ ಮೊದಲೇ ಬರೆದಿಟ್ಟ ಕೋಡಿನ ಕಟ್ಟು) ಮೇಲೆ ನಮ್ಮ ಕೋಡೆಲ್ಲ ನಿಂತಿದೆ. ಚಿಪ್‌ನ ಸ್ಪೀಡು, ಮೆಮೊರಿ ಎಲ್ಲ ಡೇಟಾಶೀಟ್‌ನಲ್ಲಿದೆ, ನೋಡಿಕೊಳ್ಳಿ. ನಾನು ಬರೆಯುವುದು ಲೈಬ್ರರಿ ಬಗ್ಗೆ.

ಮೊದಲ ದಿನ ಖುಷಿಯಾಗಿತ್ತು. ಹಳೆಯ 8 ಬಿಟ್ ಚಿಪ್‌ಗಳಲ್ಲಿ ಒಂದೊಂದೇ ರಿಜಿಸ್ಟರ್ (ಚಿಪ್ ಒಳಗಿನ ಸೆಟ್ಟಿಂಗ್ ಖಾನೆ) ಹಿಡಿದು ಒದ್ದಾಡಿದವನು ನಾನು. ಇಲ್ಲಿ ಪರದೆಯ ಮೇಲೆ ಪಿನ್ ಆರಿಸಿ ಬಟನ್ ಒತ್ತಿದರೆ ಕ್ಲಾಕು, ಟೈಮರು, ಸೀರಿಯಲ್ ಪೋರ್ಟು ಎಲ್ಲದರ ಕೋಡು ತಾನೇ ತಯಾರಾಗುತ್ತದೆ. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿಂದು ಬಂದು ಕೂತರೆ, ಚಹಾ ಆರುವುದರೊಳಗೆ ಬೋರ್ಡಿನ ಎಲ್‌ಇಡಿ ಮಿನುಗುತ್ತಿತ್ತು. ಈಗಲೂ ಹೊಸ ಬೋರ್ಡ್ ಬಂದಾಗ ನಾನು ಮೊದಲು ಮಾಡುವುದು ಅದನ್ನೇ. ಆ ಎಲ್‌ಇಡಿ ಒಮ್ಮೆ ಮಿನುಗಿದರೆ ಮನಸ್ಸಿಗೆ ಸಮಾಧಾನ.

ಎರಡನೇ ವರ್ಷದ ಸುಗ್ಗಿಯಲ್ಲಿ ಆ ಸಮಾಧಾನ ಹೋಯಿತು. ನವೆಂಬರ್ ತಿಂಗಳು, ಎಡದಂಡೆ ಕಾಲುವೆ ಕೆಳಗಿನ ಭತ್ತವೆಲ್ಲ ಒಟ್ಟಿಗೇ ಕೊಯ್ಲಿಗೆ ಬಂದಿತ್ತು. ಹಸಿ ಭತ್ತದ ತೇವ ಶೇ 14ಕ್ಕೆ ಇಳಿಯದೆ ಗೋದಾಮಿಗೆ ಹಾಕುವಂತಿಲ್ಲ, ಹಾಕಿದರೆ ಬಿಸಿಯಾಗಿ ಕೆಡುತ್ತದೆ. ಡ್ರೈಯರ್ ರಾತ್ರಿಯೆಲ್ಲ ಓಡಬೇಕು. ರಾತ್ರಿ ಎರಡಕ್ಕೆ ಕಾರಟಗಿ ಹತ್ತಿರದ ಮಿಲ್ಲಿನ ಆಪರೇಟರ್ ಫೋನ್ ಮಾಡಿದರು. "ಸರ್, ನಿಮ್ಮ ಡಬ್ಬಿ ನಿಂತೈತ್ರಿ. ಟೆಂಪರೇಚರ್ 62ಕ್ಕ ನಿಂತು ಅಲುಗಾಡವಲ್ದು." ಬಂದ್ ಮಾಡಿ ಮತ್ತೆ ಹಾಕ್ರಿ ಅಂದೆ. ಸರಿಹೋಯಿತು. ಮರುದಿನ ಮತ್ತೆ ಅದೇ ಕಥೆ.

ಬೈಕ್ ಹತ್ತಿ ಹೋಗಿ ಡಿಬಗ್ಗರ್ ಚುಚ್ಚಿ ನೋಡಿದೆ. ಪ್ರೋಗ್ರಾಂ ಒಂದು ಎರರ್ ಫಂಕ್ಷನ್ ಒಳಗೆ ಕೂತಿತ್ತು. ಅದನ್ನು ಬರೆದದ್ದು ನಾನಲ್ಲ, ಬಟನ್ ಒತ್ತಿದಾಗ ತಾನೇ ತಯಾರಾದದ್ದು. ಒಳಗೆ ಇರುವುದು ಎರಡೇ ಕೆಲಸ: ಇಂಟರಪ್ಟ್ (ನಡುವೆ ಬರುವ ತುರ್ತು ಕರೆ) ಬಂದ್ ಮಾಡುವುದು, ಆಮೇಲೆ ಖಾಲಿ ಲೂಪಿನಲ್ಲಿ ಸುತ್ತುತ್ತಲೇ ಇರುವುದು. ಇಲ್ಲಿ ನಿಮ್ಮ ಕೋಡ್ ಸೇರಿಸಿ ಎಂಬ ಕಾಮೆಂಟ್ ಇತ್ತು ನಿಜ, ನಾನು ಸೇರಿಸಿರಲಿಲ್ಲ. ಆದರೆ ಡ್ರೈಯರ್‌ಗೆ ಬಿಸಿಗಾಳಿ ನುಗ್ಗುತ್ತಿರುವಾಗ ರಿಲೇಗಳು (ಚಿಪ್ ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್ಚುಗಳು) ಇದ್ದಂತೆಯೇ ಇದ್ದು ಮೆದುಳು ಮಾತ್ರ ನಿಂತರೆ ಏನಾಗುತ್ತದೆ, ಯೋಚಿಸಿ. ಅವತ್ತು ನನಗೆ ನಿಜಕ್ಕೂ ಭಯವಾಯಿತು.

ಪ್ರೋಗ್ರಾಂ ನಿಂತರೆ ಚಿಪ್ಪನ್ನು ತಾನೇ ರಿಸೆಟ್ ಮಾಡುವ ವಾಚ್‌ಡಾಗ್ ಹಾಕಿ ಬಂದೆ. ಎರಡು ದಿನಕ್ಕೆ ಮತ್ತೆ ಫೋನ್. "ಈಗ ತಾನ ಬಂದ್ ಆಗಿ ತಾನ ಚಾಲೂ ಆಗಾಕತ್ತೈತ್ರಿ, ಒಂದ ಸವನ."

ಆಮೇಲೆ ತಂತಿಯ ವೋಲ್ಟೇಜ್ ತೋರಿಸುವ ಆಸಿಲೋಸ್ಕೋಪ್ ಹೊತ್ತುಕೊಂಡು ಹೋದೆ. ಸೆನ್ಸರ್ ಇರುವುದು ಐ-ಟು-ಸಿ ತಂತಿಯ ಮೇಲೆ. ಅಂದರೆ ಒಂದು ಡೇಟಾ ಗೆರೆ, ಒಂದು ಕ್ಲಾಕ್ ಗೆರೆಯಲ್ಲಿ ಚಿಪ್ಪುಗಳು ಮಾತಾಡುವ ವ್ಯವಸ್ಥೆ, ಕ್ಲಾಕಿನ ಒಂದೊಂದು ಬಡಿತಕ್ಕೆ ಒಂದೊಂದು ಬಿಟ್. ಸುಮ್ಮನಿದ್ದಾಗ 3.3 ವೋಲ್ಟ್ ಇರಬೇಕಾದ ಡೇಟಾ ಗೆರೆ ಸೊನ್ನೆಯಲ್ಲಿ ಮಲಗಿತ್ತು. ಬ್ಲೋವರ್ ಮೋಟರ್‌ನ ಸ್ಟಾರ್ಟರ್ ಬಡಿದಾಗಲೆಲ್ಲ ತಂತಿಯಲ್ಲಿ ಗದ್ದಲ ಎದ್ದು ಒಂದು ಕ್ಲಾಕ್ ಬಡಿತ ತಪ್ಪುತ್ತಿತ್ತು. ಸೆನ್ಸರ್ ಆಗ ಸೊನ್ನೆ ಕಳಿಸುತ್ತಿದ್ದರೆ, ಮುಂದಿನ ಬಡಿತ ಬರಲಿ ಅಂತ ಗೆರೆಯನ್ನು ಕೆಳಗೇ ಹಿಡಿದುಕೊಂಡು ಕಾಯುತ್ತದೆ. ಇತ್ತ ಲೈಬ್ರರಿ, ಗೆರೆ ಕೆಳಗಿದೆ ಅಂದರೆ ಬೇರೆ ಯಾರೋ ಮಾತಾಡುತ್ತಿದ್ದಾರೆ ಅಂದುಕೊಂಡು 'ಬ್ಯುಸಿ' ಅಂತ ವಾಪಸ್ ಬರುತ್ತದೆ, ಬಡಿತ ಕೊಡುವುದೇ ಇಲ್ಲ. ಇದು ಅದಕ್ಕೆ ಕಾಯುತ್ತದೆ, ಅದು ಇದಕ್ಕೆ ಕಾಯುತ್ತದೆ. ವಾಚ್‌ಡಾಗ್ ರಿಸೆಟ್ ಮಾಡುವುದು ಮೈಕ್ರೊಕಂಟ್ರೋಲರ್ ಅನ್ನು ಮಾತ್ರ. ಸೆನ್ಸರ್‌ಗೆ ಕರೆಂಟ್ ಹಾಗೇ ಇರುತ್ತದೆ, ಅದು ಗೆರೆ ಬಿಡುವುದಿಲ್ಲ. ಆಪರೇಟರ್ ಸ್ವಿಚ್ ಆರಿಸಿ ಹಾಕಿದಾಗ ಸರಿಹೋಗುತ್ತಿದ್ದದ್ದು ಅದಕ್ಕೇ.

ಇದಕ್ಕೆ ಮದ್ದು ಐ-ಟು-ಸಿ ನಿಯಮದ ಪುಸ್ತಕದಲ್ಲೇ ಇದೆ. ಗೆರೆ ಸಿಕ್ಕಿಕೊಂಡರೆ ಒಂಬತ್ತು ಕ್ಲಾಕ್ ಬಡಿತ ಕೊಡಿ, ಅಷ್ಟರೊಳಗೆ ಸೆನ್ಸರ್ ಬಿಟ್ಟುಬಿಡುತ್ತದೆ. ಎಂಟು ಬಿಟ್, ಮೇಲೊಂದು ಉತ್ತರದ ಬಿಟ್, ಅಷ್ಟೇ ಲೆಕ್ಕ. 1982ರಲ್ಲಿ ಫಿಲಿಪ್ಸ್‌ನವರು ತಂದ ಬಸ್ (ತಂತಿ ವ್ಯವಸ್ಥೆ) ಇದು, ನಿನ್ನೆ ಮೊನ್ನೆಯದಲ್ಲ. ಆದರೂ ನನ್ನ ಲೈಬ್ರರಿಯ ಐ-ಟು-ಸಿ ಫೈಲನ್ನು ಮೊದಲಿಂದ ಕೊನೆಯವರೆಗೆ ಓದಿದರೂ ಈ ಒಂಬತ್ತು ಬಡಿತ ಎಲ್ಲೂ ಸಿಗಲಿಲ್ಲ. ಸಾವಿರಾರು ಸಾಲು ಬರೆದವರಿಗೆ ಇಪ್ಪತ್ತು ಸಾಲು ಜಾಸ್ತಿ ಆಗುತ್ತಿತ್ತಾ? ಆ ಬೇಸರ ಇನ್ನೂ ಹೋಗಿಲ್ಲ.

ಆ ಸಾಲುಗಳನ್ನು ನಾನೇ ಬರೆದೆ. ಪಿನ್ನುಗಳನ್ನು ಸಾಮಾನ್ಯ ಔಟ್‌ಪುಟ್ ಮಾಡಿ, ಒಂಬತ್ತು ಸಲ ಬಡಿದು, ಸ್ಟಾಪ್ ಕೊಟ್ಟು, ಮತ್ತೆ ಐ-ಟು-ಸಿಗೆ ಮರಳಿಸುವುದು. ಸ್ಕೋಪಿನಲ್ಲಿ ನೋಡುತ್ತಾ ಕೂತಿದ್ದೆ. ನಾಲ್ಕನೇ ಬಡಿತಕ್ಕೆ ಡೇಟಾ ಗೆರೆ ಮೇಲೆದ್ದಿತು. ಪಕ್ಕದಲ್ಲಿದ್ದ ಹುಡುಗ "ಸರ್, ಬಿಟ್ತು!" ಅಂತ ಕೂಗಿದ. ಎರಡು ಮೀಟರ್ ಸಾದಾ ತಂತಿ ಹಾಕಿದ್ದು ನನ್ನದೇ ತಪ್ಪು, ಅದನ್ನೂ ಬದಲಿಸಿದೆ. ಗೆರೆಯನ್ನು ಮೇಲೆ ಎಳೆದಿಡುವ ಪುಲ್-ಅಪ್ ರೆಸಿಸ್ಟರ್ 10ಕೆ (ಕಿಲೋಓಮ್) ಇದ್ದದ್ದನ್ನು 2.2ಕೆ ಮಾಡಿದೆ.

ಅವತ್ತೇ ಈ ಲೈಬ್ರರಿ ಬಿಟ್ಟುಬಿಡಬೇಕು ಅಂದುಕೊಂಡಿದ್ದೆ. ಬಿಡಲಿಲ್ಲ. 2021ರಲ್ಲಿ ಜಗತ್ತಿಗೆಲ್ಲ ಚಿಪ್ ಬರ ಬಂತಲ್ವಾ, ನನ್ನ ಚಿಪ್ ಎಲ್ಲೂ ಸಿಗದಾಯಿತು. ಸಿಕ್ಕ ಕಡೆ ಐದಾರು ಪಟ್ಟು ರೇಟು. ನಾಲ್ಕು ಮಿಲ್ಲಿನವರಿಂದ ಅಡ್ವಾನ್ಸ್ ತಗೊಂಡು ಕೂತಿದ್ದೆ. ಅದೇ ಕಂಪನಿಯ ಬೇರೆ ಸಾಲಿನ ಚಿಪ್ಪು ಒಂದು ಅಂಗಡಿಯಲ್ಲಿ ಸಿಕ್ಕಿತು. ಒಳಗಿನ ರಿಜಿಸ್ಟರ್‌ಗಳು ಬೇರೆ, ಆದರೆ ಲೈಬ್ರರಿಯ ಫಂಕ್ಷನ್ ಹೆಸರುಗಳು ಅವೇ. ಎರಡು ಸಂಜೆಯಲ್ಲಿ ನನ್ನ ಕೋಡೆಲ್ಲ ಹೊಸ ಚಿಪ್‌ನಲ್ಲಿ ಓಡಿತು. ರಿಜಿಸ್ಟರ್ ಹಿಡಿದು ಬರೆದಿದ್ದರೆ ಒಂದು ತಿಂಗಳ ಕೆಲಸ. ಆ ವರ್ಷ ನನ್ನ ಅಂಗಡಿ ಬಾಗಿಲು ಹಾಕದೇ ಉಳಿದದ್ದು ಇದರಿಂದಲೇ, ಇದನ್ನು ಮರೆಯಲ್ಲ.

ಇನ್ನೊಂದು ಒಳ್ಳೆಯ ವಿಷಯ, ಸೋರ್ಸ್ ಕೋಡ್ ತೆರೆದಿದೆ. ಕಟ್ಟಿ ಸೀಲ್ ಹಾಕಿದ ಗಂಟಾಗಿದ್ದರೆ ನನಗೆ ಆ 'ಬ್ಯುಸಿ' ಎಲ್ಲಿಂದ ಬರುತ್ತಿದೆ ಅಂತ ಗೊತ್ತೇ ಆಗುತ್ತಿರಲಿಲ್ಲ.

ಈಗ ಕ್ಲಾಕು, ಪಿನ್ನು ಲೈಬ್ರರಿಗೇ ಬಿಟ್ಟಿದ್ದೇನೆ. ಸೆನ್ಸರ್ ಮಾತು ಮತ್ತು ರಿಲೇ ಎರಡನ್ನೂ ನಾನೇ ಬರೆದಿದ್ದೇನೆ. ಎರರ್ ಫಂಕ್ಷನ್ನಿಗೆ ಬಂದರೆ ಮೊದಲು ರಿಲೇ ಆಫ್. ಹೊಸ ವರ್ಷನ್ ಬಂತು ಅಂತ ಸುಮ್ನೆ ಅಪ್‌ಡೇಟ್ ಮಾಡಲ್ಲ. ಮಳೆಗಾಲದಲ್ಲಿ ಕೆಲಸ ಕಡಿಮೆ ಇರುವಾಗ ಹಳೆಯದು ಹೊಸದು ಪಕ್ಕಪಕ್ಕ ಇಟ್ಟು ಸಾಲು ಸಾಲು ಓದಿ, ಬೇಕಾದರೆ ಮಾತ್ರ. ನನ್ನ ಹಾಗೆ ಕಡಿಮೆ ಜನ, ಕಡಿಮೆ ದುಡ್ಡು ಇದ್ದವರು ತಗೊಳ್ಳಬಹುದು. ಐದಕ್ಕೆ ಮೂರೂವರೆ ಕೊಡುತ್ತೇನೆ, ಆ ಇಪ್ಪತ್ತು ಸಾಲು ಇದ್ದಿದ್ದರೆ ನಾಲ್ಕೂವರೆ.

ಒಂಬತ್ತು ಬಡಿತ ಕೊಟ್ಟಾಗಲೆಲ್ಲ ಲೆಕ್ಕ ಇಡಲು ಡಿಸ್ಪ್ಲೇ ಮೂಲೆಯಲ್ಲಿ ಒಂದು ಸಂಖ್ಯೆ ಇಟ್ಟಿದ್ದೇನೆ. ಹೋದ ಸುಗ್ಗಿ ಮುಗಿದಾಗ ಅದೇ ಕಾರಟಗಿ ಆಪರೇಟರ್ ಫೋನ್ ಮಾಡಿದ್ದರು, ಈ ಸಲ ಹಗಲು ಹೊತ್ತಿನಲ್ಲಿ. "ಸರ್, ಮೂಲ್ಯಾಗ 41 ಅಂತ ಬರಾಕತ್ತೈತಿ, ಅದೇನ್ರಿ?"